ಟೊಂಕ ನೆಟ್ಟಗಾಗಬೇಕಾದರೆ: ಚಿಕ್ಕನರಗುಂದದಲ್ಲಿ ಪಿಲಾಟೆಸ್ ನಡೆಸುವ ಬಗೆ

ಕಳೆ ತೆಗೆಯುವುದು, ಹೆಸರುಕಾಯಿ ಬಿಡಿಸುವುದು, ಹತ್ತಿ ಬಿಡಿಸುವುದು ಎಲ್ಲವೂ ಬಗ್ಗಿ ಮಾಡುವ ಕೆಲಸ. ಚಿಕ್ಕನರಗುಂದದ ಎರೆಹೊಲಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಮೊದಲ ದೂರು ಟೊಂಕದ್ದು. ಇಂಥ ಊರಿನಲ್ಲಿ ಪಿಲಾಟೆಸ್ ತರಗತಿ ತೆರೆಯಹೊರಟವರು ಯಂತ್ರಗಳ ಬೆಲೆ ವಿಚಾರಿಸುವ ಮೊದಲು, ಬಂದವರು ದಿನವಿಡೀ ಯಾವ ಭಂಗಿಯಲ್ಲಿ ಇರುತ್ತಾರೆ ಎಂದು ಕೇಳಬೇಕು.

ಪಿಲಾಟೆಸ್‌ಗೆ ಯಂತ್ರವೇ ಬೇಕೆಂದಿಲ್ಲ. 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಜೋಸೆಫ್ ಪಿಲಾಟೆಸ್ ಅವರನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಕೂಡಿಹಾಕಿದ್ದರು. ಅಲ್ಲಿ ಆಸ್ಪತ್ರೆ ಮಂಚದ ಸ್ಪ್ರಿಂಗುಗಳನ್ನೇ ವ್ಯಾಯಾಮಕ್ಕೆ ಹಚ್ಚಿದರೆಂಬ ಕಥೆಯಿದೆ. 1926ರಲ್ಲಿ ನ್ಯೂಯಾರ್ಕಿಗೆ ಹೋಗಿ ಸಂಗಾತಿ ಕ್ಲಾರಾ ಜೊತೆ ವ್ಯಾಯಾಮಶಾಲೆ ನಡೆಸಿದರು. 1945ರ ಅವರ ಪುಸ್ತಕದಲ್ಲಿರುವುದು ಚಾಪೆಯ ಮೇಲೆ ಮಾಡುವ 34 ವ್ಯಾಯಾಮಗಳು. ಚಾಪೆ ಮಾತ್ರ ದಪ್ಪಗಿರಲಿ. ಬೆನ್ನಮೂಳೆಯ ಮೇಲೆ ಉರುಳುವಾಗ ಯೋಗದ ತೆಳು ಚಾಪೆ ಸಾಲದು.

ಆದರೆ ಆ 34ನ್ನೂ ವರಸೆಯಂತೆ ಒಪ್ಪಿಸುವ ಶಿಕ್ಷಕರಿಂದ ಈ ಊರಿಗೆ ಪ್ರಯೋಜನ ಕಡಿಮೆ. ಅವುಗಳಲ್ಲಿ ಬಹಳಷ್ಟು ಬೆನ್ನನ್ನು ಮುಂದಕ್ಕೆ ಬಾಗಿಸುವಂಥವು. ಬೆಳಗಿನಿಂದ ಬಗ್ಗಿಯೇ ಇದ್ದವರಿಗೆ ಮತ್ತೆ ಬಗ್ಗುವುದನ್ನು ಕಲಿಸುವುದೇಕೆ? ಬೋರಲು ಮಲಗಿ ಎದೆಯನ್ನು ಮೆಲ್ಲಗೆ ಎತ್ತುವುದು, ಅಂಗಾತ ಮಲಗಿ ಮೊಣಕಾಲು ಮಡಚಿ ಟೊಂಕ ಎತ್ತುವುದು, ಮಗ್ಗುಲಾಗಿ ಮಲಗಿ ಒಂದು ಕಾಲನ್ನು ಎತ್ತಿಳಿಸುವುದು, ಇವು ಅವರಿಗೆ ಮೊದಲ ಪಾಠ. ಕುರ್ಚಿಯಲ್ಲಿ ಕೂತು ಸಂಜೆ ಮಾಡುವ ಬ್ಯಾಂಕಿನವರಿಗೆ, ಹೊಲಿಗೆ ಯಂತ್ರದ ಮುಂದೆ ಕೂರುವವರಿಗೆ ಪಟ್ಟಿ ಬೇರೆ: ತೊಡೆಯ ಮುಂಭಾಗ ಸಡಿಲಿಸಬೇಕು, ಭುಜ ಹಿಂದಕ್ಕೆ ತರಬೇಕು.

ಉಸಿರಾಟವೇ ಮೊದಲ ತೊಡಕು. ಮೂಗಿನಿಂದ ಎಳೆದು, ಪಕ್ಕೆಲುಬುಗಳನ್ನು ಎರಡೂ ಬದಿಗೆ ಹಿಗ್ಗಿಸಿ, ಬಾಯಿಂದ ಬಿಡುತ್ತ ಹೊಕ್ಕುಳ ಕೆಳಗಿನ ಹೊಟ್ಟೆಯನ್ನು ಒಳಗೆಳೆಯಬೇಕು. ಹೊಟ್ಟೆಯ ಒಳಪದರದ ಸ್ನಾಯು ಹೀಗೆ ಬಿಗಿಯಾದರೆ ಟೊಂಕಕ್ಕೆ ಆಸರೆ ಸಿಗುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಯಾರೂ ಉಸಿರೇ ಬಿಡುವುದಿಲ್ಲ. "ಅಕ್ಕಾರ, ಎರಡೂ ಕೈ ಪಕ್ಕಕ್ಕ ಇಟ್ಕೋರಿ, ಉಸಿರ ತಗೊಂಡ ಕೈ ಅಗಲ ಮಾಡ್ರಿ, ಬಿಡ್ಕೋತ ಹೊಟ್ಟಿ ಒಳಗ ಎಳಕೋರಿ" ಎಂದರೆ ಸಾಕು. ಒಂದು ಸಲಕ್ಕೆ ಒಂದೇ ತಿದ್ದುಪಡಿ. ನಾಲ್ಕು ತಪ್ಪು ಕಂಡರೂ ಟೊಂಕಕ್ಕೆ ಅಪಾಯ ತರುವ ಒಂದನ್ನು ಹೇಳಿ, ಉಳಿದವನ್ನು ನಾಳೆಗೆ ಬಿಡಿ. ಶಿಕ್ಷಕರು ತಾವೂ ಚಾಪೆಯ ಮೇಲೆ ಮಲಗಿ ಪೂರ್ತಿ ವ್ಯಾಯಾಮ ಮಾಡುತ್ತಿದ್ದರೆ ಕಲಿಯುವವರನ್ನು ನೋಡುವವರು ಯಾರು? ಒಮ್ಮೆ ಮಾಡಿ ತೋರಿಸಿ ಎದ್ದು ಓಡಾಡಬೇಕು. ಮುಟ್ಟಿ ತಿದ್ದುವುದಾದರೆ ಕೇಳಿಯೇ ಮುಟ್ಟಬೇಕು.

ಹೀಗೆ ನೋಡಿ ತಿದ್ದುವುದು ಈ ಕಡೆಗೆ ಪೂರ್ತಿ ಹೊಸದೇನಲ್ಲ. ಗರಡಿಮನೆಯ ಉಸ್ತಾದ್ ಹುಡುಗರ ಬೈಠಕ್ ನೋಡುತ್ತ ನಿಂತೇ ತಿದ್ದುತ್ತಿದ್ದರು. ಹೆಣ್ಣುಮಕ್ಕಳಿಗೆ ಆ ಬಾಗಿಲು ಇರಲಿಲ್ಲ. 1936ರಲ್ಲಿ ತಮ್ಮ ಯೋಗಗುರು ಕೃಷ್ಣಮಾಚಾರ್ಯರೊಡನೆ ಉತ್ತರ ಕರ್ನಾಟಕಕ್ಕೆ ಬಂದಿದ್ದ ಬಿ.ಕೆ.ಎಸ್. ಅಯ್ಯಂಗಾರ್ ಧಾರವಾಡದಲ್ಲಿ ಮಹಿಳೆಯರಿಗೆ ಆಸನ ಕಲಿಸಿದರು. ಆಗ ಅವರು ಹದಿಹರೆಯದ ಹುಡುಗ, ಗುಂಪಿನಲ್ಲಿ ಕಿರಿಯನೆಂದೇ ಆ ಕೆಲಸ ಅವರ ಪಾಲಿಗೆ ಬಂತು. ಮುಂದೆ ಹಗ್ಗ, ಪಟ್ಟಿ, ಮರದ ಇಟ್ಟಿಗೆ ಬಳಸಿ ಪ್ರತಿ ದೇಹಕ್ಕೂ ಆಸನವನ್ನು ಹೊಂದಿಸಿದರು. ಚಿಕ್ಕ ಊರಿನ ಪಿಲಾಟೆಸ್ ಶಿಕ್ಷಕರು ಕಲಿಯಬೇಕಾದದ್ದು ಈ ಹೊಂದಿಸುವ ವಿದ್ಯೆಯನ್ನು. ಮಡಚಿದ ದುಪ್ಪಟಿಯೂ ತಲೆದಿಂಬೂ ಇದ್ದರೆ ಅರ್ಧ ಕೆಲಸ ನಡೆಯುತ್ತದೆ.

ಸೇರಿಸಿಕೊಳ್ಳುವ ದಿನವೇ ಪ್ರತಿಯೊಬ್ಬರ ವಿವರ ಬರೆದಿಟ್ಟುಕೊಳ್ಳಿ. ಎಲುಬು ಸವೆದವರಿಗೆ ಬೆನ್ನು ಸುರುಳಿಸಿ ಉರುಳುವ ವ್ಯಾಯಾಮ ಬೇಡ, ಬೆನ್ನೆಲುಬು ಮುರಿಯುವ ಅಪಾಯವಿದೆ. ಬಿಪಿ ಇದ್ದವರು ಉಸಿರು ಬಿಗಿಹಿಡಿಯಬಾರದು. ಬಸುರಿಯರು ವೈದ್ಯರನ್ನು ಕೇಳಿಯೇ ಬರಲಿ. ತಿಂಗಳು ತುಂಬುತ್ತ ಬಂದಂತೆ ಅವರನ್ನು ಬಹಳ ಹೊತ್ತು ಅಂಗಾತ ಮಲಗಿಸಬಾರದು. ಕಾಲು ಜೋಮು ಹಿಡಿದು ಶಕ್ತಿ ಕುಂದಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಅಂದೇ ಆಸ್ಪತ್ರೆಗೆ ಕಳಿಸಿ.

ಇನ್ನು ಲೆಕ್ಕಾಚಾರ. ತಿಂಗಳಿಗೆ 500 ರೂಪಾಯಿಯಂತೆ ಎಂಟೆಂಟು ಜನರ ಎರಡು ತಂಡ ಎಂದಿಟ್ಟುಕೊಂಡರೆ ಬರುವುದು 8,000. ಬಾಡಿಗೆ, ಕರೆಂಟು ಹೋದರೆ ಒಬ್ಬರ ಸಂಸಾರಕ್ಕೆ ಸಾಲದು. ಎಂಟನ್ನು ಇಪ್ಪತ್ತು ಮಾಡುವ ಆಸೆ ಬರುತ್ತದೆ. ಇಪ್ಪತ್ತು ಬೆನ್ನುಗಳನ್ನು ಒಬ್ಬರು ನೋಡಲಾರರು, ಆಗ ಅದು ಡ್ರಿಲ್ ಆಗುತ್ತದೆ. ಅದರ ಬದಲು ಹತ್ತಿರದ ನರಗುಂದ ಪೇಟೆಯಲ್ಲಿ ಸಂಜೆಯ ಇನ್ನೆರಡು ತಂಡ ನಡೆಸುವುದು ಮೇಲು. ಅಲ್ಲಿನ ನೌಕರರು ಹೆಚ್ಚು ಶುಲ್ಕ ಕೊಡಬಲ್ಲರು. ಹಳ್ಳಿಯ ತಂಡಕ್ಕೆ ಮಕ್ಕಳು ಶಾಲೆಗೆ ಹೋದ ಮೇಲಿನ ಹೊತ್ತೋ, ರೊಟ್ಟಿ ಬಡಿಯಲು ಕೂರುವ ಮೊದಲಿನ ಹೊತ್ತೋ ಅನುಕೂಲ. ಗಂಡಸರಿಗೆ ಬೇರೆ ತಂಡವಿರಲಿ.

ತಿಂಗಳ ಶುಲ್ಕದ ಪದ್ಧತಿಯೇ ಇಲ್ಲಿ ಎಡವುವ ಕಲ್ಲು. ಹೆಸರು ಬಿಡಿಸುವ ಆಗಸ್ಟಿನಲ್ಲಿ, ಕಡಲೆ, ಜೋಳದ ಸುಗ್ಗಿಯಲ್ಲಿ ಚಾಪೆ ಖಾಲಿ. ಬಾರದ ತಿಂಗಳಿಗೆ ದುಡ್ಡು ಕೇಳಿದರೆ ಸುಗ್ಗಿ ಮುಗಿದ ಮೇಲೂ ಬರುವುದಿಲ್ಲ. ಹನ್ನೆರಡು ತರಗತಿಗೊಂದು ಕಾರ್ಡು ಮಾಡಿ, ಮೂರು ತಿಂಗಳೊಳಗೆ ಮುಗಿಸಿಕೊಳ್ಳಲಿ. ಸುಗ್ಗಿಯ ವಾರಗಳಲ್ಲಿ ಹೊಲದ ಬದುವಿನಲ್ಲೇ ಮಾಡಬಹುದಾದ ಎರಡು ವ್ಯಾಯಾಮ ಹೇಳಿ ಕಳಿಸಿದರೆ ಸಂಬಂಧ ಕಡಿಯುವುದಿಲ್ಲ.

ಬೋರ್ಡಿನ ಮೇಲೆ ಪಿಲಾಟೆಸ್ ಎಂದು ಯಾರು ಬೇಕಾದರೂ ಬರೆಸುತ್ತಾರೆ. ಅದು ಯಾರೊಬ್ಬರ ಸೊತ್ತಲ್ಲವೆಂದು ಅಮೆರಿಕದ ನ್ಯಾಯಾಲಯವೂ 2000ರಲ್ಲಿ ಹೇಳಿದೆ. ಹಾಗಾಗಿ ತರಬೇತಿ ಕೋರ್ಸು ಆರಿಸುವಾಗ ಪ್ರಮಾಣಪತ್ರದ ಅಂದ ನೋಡದೆ, ಹಿರಿಯರ ಕಣ್ಣೆದುರು ಎಷ್ಟು ತಾಸು ಪಾಠ ಮಾಡಿಸುತ್ತಾರೆ ಎಂದು ವಿಚಾರಿಸಿ. ಸ್ಪ್ರಿಂಗಿನ ರಿಫಾರ್ಮರ್ ಯಂತ್ರಕ್ಕೆ ಲಕ್ಷಗಟ್ಟಲೆ ಬೇಕು, ಸವೆದ ಸ್ಪ್ರಿಂಗನ್ನು ಕಾಲಕಾಲಕ್ಕೆ ಬದಲಿಸಬೇಕು, ಒಂದು ಯಂತ್ರದ ಮೇಲೆ ಒಂದು ಹೊತ್ತಿಗೆ ಒಬ್ಬರೇ. ಚಾಪೆಯ ತಂಡಗಳು ಎರಡು ಸುಗ್ಗಿ ದಾಟಿ ಉಳಿದ ಮೇಲೆ ಆ ಮಾತು ಎತ್ತಿದರಾಯಿತು.