ಹಿಮದ ಅಂಗಳದಲ್ಲಿ ಕಿಶೋರರು

ಆಟವು ಬಾಲ್ಯದ ಸಹಜ ಧರ್ಮ. ಮಾತು ಕಲಿಯುವುದಕ್ಕಿಂತ ಮೊದಲೇ ಮಗು ಆಟವನ್ನು ಕಲಿಯುತ್ತದೆ. ಆದರೆ ಆಟವು ಸ್ಪರ್ಧೆಯಾಗಿ, ಆ ಸ್ಪರ್ಧೆಯು ದೇಶದೇಶಗಳ ಕೀರ್ತಿಯ ಪ್ರಶ್ನೆಯಾಗಿ ಬೆಳೆದಾಗ ಅದರಲ್ಲಿ ಎಳೆಯರಿಗೆ ಎಂತಹ ಸ್ಥಾನವಿರಬೇಕು? ಈ ಪ್ರಶ್ನೆ ಇಂದಿನದಲ್ಲ. ಪ್ರಾಚೀನ ಗ್ರೀಸ್ ದೇಶದ ಒಲಿಂಪಿಯದಲ್ಲಿ ಕ್ರಿಸ್ತಪೂರ್ವ 632ರಲ್ಲಿಯೇ ಬಾಲಕರಿಗಾಗಿ ಓಟ ಮತ್ತು ಕುಸ್ತಿಯ ಸ್ಪರ್ಧೆಗಳನ್ನು ಪ್ರತ್ಯೇಕವಾಗಿ ಏರ್ಪಡಿಸಿದ್ದರು. ಹಿರಿಯರ ಬಲದೊಡನೆ ಎಳೆಯರ ಬಲವನ್ನು ತೂಗುವುದು ನ್ಯಾಯವಲ್ಲವೆಂಬುದನ್ನು ಆ ಜನ ಅರಿತಿದ್ದರು.

ಆಧುನಿಕ ಒಲಿಂಪಿಕ್ ಕ್ರೀಡೆಗಳು 1896ರಲ್ಲಿ ಅಥೆನ್ಸ್ ನಗರದಲ್ಲಿ ಆರಂಭವಾದುವು. ಹಿಮ ಮತ್ತು ಮಂಜುಗಡ್ಡೆಯ ಮೇಲಿನ ಆಟಗಳಿಗಾಗಿ 1924ರಲ್ಲಿ ಫ್ರಾನ್ಸಿನ ಶಾಮನಿಯಲ್ಲಿ ಚಳಿಗಾಲದ ಒಲಿಂಪಿಕ್ ಕೂಟವು ಮೊದಲಾಯಿತು. ಆದರೆ ಹದಿಹರೆಯದವರಿಗೆಂದೇ ಮೀಸಲಾದ ಒಲಿಂಪಿಕ್ ಕೂಟವೊಂದು ರೂಪುಗೊಳ್ಳಲು ಇಪ್ಪತ್ತೊಂದನೆಯ ಶತಮಾನವೇ ಬರಬೇಕಾಯಿತು. ಆಸ್ಟ್ರಿಯ ದೇಶದ ಯೋಹಾನ್ ರೋಸೆನ್‌ಜೋಫ್ ಎಂಬವರು 1998ರಲ್ಲಿ ಈ ಕಲ್ಪನೆಯನ್ನು ಮುಂದಿಟ್ಟರು. ಮಕ್ಕಳು ಆಟದ ಬಯಲಿನಿಂದ ದೂರ ಸರಿಯುತ್ತಿರುವುದೂ ಅವರಲ್ಲಿ ಬೊಜ್ಜು ಹೆಚ್ಚುತ್ತಿರುವುದೂ ಆ ಕಾಲದ ಚಿಂತೆಯಾಗಿತ್ತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿದ್ದ ಬೆಲ್ಜಿಯಂನ ಜಾಕ್ ರೋಗ್ ಅವರು ಈ ಕಲ್ಪನೆಗೆ ಬೆಂಬಲವಾಗಿ ನಿಂತರು. ಅವರು ವೃತ್ತಿಯಿಂದ ಮೂಳೆಯ ಶಸ್ತ್ರವೈದ್ಯರು. ಮೂರು ಒಲಿಂಪಿಕ್ ಕೂಟಗಳಲ್ಲಿ ಹಾಯಿದೋಣಿಯ ಸ್ಪರ್ಧೆಗೆ ಇಳಿದಿದ್ದವರು. 2007ರ ಜುಲೈ ತಿಂಗಳಿನಲ್ಲಿ ಗ್ವಾಟೆಮಾಲ ನಗರದಲ್ಲಿ ಸೇರಿದ ಸಮಿತಿಯ ಅಧಿವೇಶನವು ಯುವ ಒಲಿಂಪಿಕ್ ಕ್ರೀಡಾಕೂಟಕ್ಕೆ ಒಪ್ಪಿಗೆಯಿತ್ತಿತು. ಬೇಸಗೆಯ ಮೊದಲ ಕೂಟವು 2010ರಲ್ಲಿ ಸಿಂಗಪುರದಲ್ಲಿಯೂ, ಚಳಿಗಾಲದ ಮೊದಲ ಕೂಟವು 2012ರ ಜನವರಿಯಲ್ಲಿ ಆಸ್ಟ್ರಿಯದ ಇನ್ಸ್‌ಬ್ರುಕ್ ನಗರದಲ್ಲಿಯೂ ನಡೆದುವು.

ಹಿಮವನ್ನು ಚಿತ್ರಗಳಲ್ಲಿ ಮಾತ್ರ ಕಂಡಿರುವ ನಮಗೆ ಈ ಆಟಗಳ ಸ್ವರೂಪವನ್ನು ಸ್ವಲ್ಪ ವಿವರಿಸಿಕೊಳ್ಳುವುದು ಅಗತ್ಯ. ನೆಲದ ಮೇಲೆ ಓಡುವವನಿಗೆ ಘರ್ಷಣೆಯೇ ಆಧಾರ; ಮಂಜುಗಡ್ಡೆಯ ಮೇಲೆ ಆ ಆಧಾರವು ಬಹುಮಟ್ಟಿಗೆ ಇಲ್ಲವಾಗುತ್ತದೆ. ಜಾರುವಿಕೆಯನ್ನು ಹತೋಟಿಯಲ್ಲಿಟ್ಟುಕೊಳ್ಳುವುದೇ ಚಳಿಗಾಲದ ಆಟಗಳೆಲ್ಲದರ ಮರ್ಮ. ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಧಾವಿಸುವುದು ಸ್ಕೀ ಆಟ. ಲೂಜ್ ಎಂಬ ಆಟದಲ್ಲಿ ಸ್ಪರ್ಧಿಯು ಪುಟ್ಟ ಜಾರುಬಂಡಿಯ ಮೇಲೆ ಅಂಗಾತ ಮಲಗಿ, ಕಾಲುಗಳನ್ನು ಮುಂದೆ ಚಾಚಿ, ಮಂಜುಗಡ್ಡೆಯ ಕಾಲುವೆಯಲ್ಲಿ ಮಿಂಚಿನಂತೆ ಇಳಿಯುತ್ತಾನೆ. ಬಯಾಥ್ಲಾನ್ ಆಟದಲ್ಲಿ ಸ್ಕೀ ಓಟದೊಡನೆ ಬಂದೂಕಿನ ಗುರಿಯೂ ಸೇರಿದೆ. ಏದುಸಿರು ಬಿಡುತ್ತ ಬಂದವನು ಉಸಿರನ್ನು ಹದಕ್ಕೆ ತಂದುಕೊಂಡು ಐವತ್ತು ಮೀಟರ್ ದೂರದ ಗುರಿಗಳಿಗೆ ಗುಂಡು ಹೊಡೆಯಬೇಕು. ಕರ್ಲಿಂಗ್ ಎಂಬುದು ನಮ್ಮ ಗೋಲಿಯಾಟವನ್ನು ನೆನಪಿಗೆ ತರುವ ಆಟ. ಇಪ್ಪತ್ತು ಕಿಲೋಗ್ರಾಂಗೆ ಸಮೀಪದ ತೂಕವುಳ್ಳ ಗ್ರಾನೈಟ್ ಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಿಬಿಟ್ಟು, ದೂರದಲ್ಲಿ ಗುರುತುಮಾಡಿದ ವೃತ್ತದ ನಡುವಿಗೆ ಮುಟ್ಟಿಸಬೇಕು; ಎದುರಾಳಿಯ ಕಲ್ಲನ್ನು ಅಲ್ಲಿಂದ ಹೊರದೂಡಬೇಕು. ಜೊತೆಯ ಆಟಗಾರರು ಕಲ್ಲಿನ ಮುಂದೆ ಮುಂದೆ ಕುಂಚದಿಂದ ರಭಸವಾಗಿ ಉಜ್ಜುತ್ತ ಸಾಗುವರು. ಆ ಉಜ್ಜುವಿಕೆಯ ಕಾವಿನಿಂದ ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರವಾಗಿ ಚಲಿಸುತ್ತದೆ.

ಇನ್ಸ್‌ಬ್ರುಕ್ ನಗರವು ಅದಕ್ಕೆ ಮೊದಲೇ 1964 ಮತ್ತು 1976ರಲ್ಲಿ ಹಿರಿಯರ ಚಳಿಗಾಲದ ಒಲಿಂಪಿಕ್ ಕೂಟಗಳನ್ನು ನಡೆಸಿದ ಊರು. 2012ರ ಉದ್ಘಾಟನೆಯಂದು ಅಲ್ಲಿ ಮೂರು ಜ್ಯೋತಿಗಳು ಬೆಳಗಿದುವು. 1964ರ ವಿಜೇತ ಎಗೊನ್ ಸಿಮ್ಮರ್‌ಮನ್ ಒಂದನ್ನೂ, 1976ರ ವಿಜೇತ ಫ್ರಾಂಜ್ ಕ್ಲಾಮರ್ ಇನ್ನೊಂದನ್ನೂ, ಆಸ್ಟ್ರಿಯದ ಕಿಶೋರ ಕ್ರೀಡಾಪಟುವೊಬ್ಬನು ಮೂರನೆಯದನ್ನೂ ಹೊತ್ತಿಸಿದರು. ಮೂರು ತಲೆಮಾರುಗಳು ಒಂದೇ ವೇದಿಕೆಯ ಮೇಲೆ ನಿಂತಂತಾಯಿತು. ಸುಮಾರು ಎಪ್ಪತ್ತು ದೇಶಗಳ ಸಾವಿರಕ್ಕೂ ಹೆಚ್ಚು ಕಿಶೋರ ಕಿಶೋರಿಯರು ಆ ಕೂಟದಲ್ಲಿ ಭಾಗವಹಿಸಿದರು.

ಎರಡನೆಯ ಕೂಟವು 2016ರಲ್ಲಿ ನಾರ್ವೆಯ ಲಿಲ್ಲೆಹ್ಯಾಮರ್‌ನಲ್ಲಿ ಜರುಗಿತು. 1994ರಲ್ಲಿ ಅದೇ ಊರಿನಲ್ಲಿ ಹಿರಿಯರ ಕೂಟ ನಡೆದಾಗ ಒಲಿಂಪಿಕ್ ಜ್ಯೋತಿಯನ್ನು ಬೆಳಗಿಸಿದ್ದವನು ಯುವರಾಜ ಹಾಕೊನ್. ಇಪ್ಪತ್ತೆರಡು ವರ್ಷಗಳ ತರುವಾಯ ಅವನ ಮಗಳು ಇಂಗ್ರಿಡ್ ಅಲೆಕ್ಸಾಂಡ್ರ ತನ್ನ ಹನ್ನೆರಡನೆಯ ವಯಸ್ಸಿನಲ್ಲಿ ಯುವ ಒಲಿಂಪಿಕ್ ಜ್ಯೋತಿಯನ್ನು ಬೆಳಗಿಸಿದಳು. 2020ರ ಕೂಟವು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ನಡೆಯಿತು. ಅಲ್ಲಿ ಬಾಲಕರ ಮತ್ತು ಬಾಲಕಿಯರ ಸಂಖ್ಯೆ ಸಮನಾಗಿತ್ತು. ವೇಗದ ಸ್ಕೇಟಿಂಗ್ ಸ್ಪರ್ಧೆಗಳು ಸೇಂಟ್ ಮೊರಿಟ್ಜ್‌ನ ಹೆಪ್ಪುಗಟ್ಟಿದ ಸರೋವರದ ಮೇಲೆಯೇ ನಡೆದುವು. 2024ರಲ್ಲಿ ಈ ಕೂಟವು ಮೊದಲ ಬಾರಿಗೆ ಏಷ್ಯಾ ಖಂಡಕ್ಕೆ, ದಕ್ಷಿಣ ಕೊರಿಯದ ಗಾಂಗ್ವೊನ್ ಪ್ರಾಂತ್ಯಕ್ಕೆ ಬಂದಿತು. ಒಮ್ಮೆ ಕಟ್ಟಿದ ಕ್ರೀಡಾಂಗಣಗಳನ್ನೇ ಮತ್ತೆ ಬಳಸುವುದು ಈ ಕೂಟಗಳ ರೂಢಿ. ಲಿಲ್ಲೆಹ್ಯಾಮರ್ ಮತ್ತು ಲೊಸಾನ್‌ಗಳಲ್ಲಿ ಸ್ಪರ್ಧಿಗಳಿಗಾಗಿ ಕಟ್ಟಿದ ವಸತಿಗಳು ಮುಂದೆ ವಿದ್ಯಾರ್ಥಿಗಳ ನಿವಾಸಗಳಾದುವು.

ಹಿರಿಯರ ಕೂಟದಿಂದ ಇದನ್ನು ಬೇರ್ಪಡಿಸುವ ಮುಖ್ಯ ಲಕ್ಷಣವೊಂದುಂಟು. ಹಲವು ಸ್ಪರ್ಧೆಗಳಲ್ಲಿ ಬೇರೆ ಬೇರೆ ದೇಶಗಳ ಆಟಗಾರರನ್ನು ಕೂಡಿಸಿ ಒಂದೇ ತಂಡವನ್ನು ಕಟ್ಟಲಾಗುತ್ತದೆ. ಮೊದಲ ಮೂರು ಕೂಟಗಳಲ್ಲಿ ಕರ್ಲಿಂಗ್ ಆಟದ ಮಿಶ್ರ ಜೋಡಿಗಳು ಹೀಗೆಯೇ ರಚಿತವಾದುವು: ಒಂದು ದೇಶದ ಬಾಲಕನಿಗೆ ಇನ್ನೊಂದು ದೇಶದ ಬಾಲಕಿ ಜೊತೆಗಾತಿ. ಲೊಸಾನ್‌ನಲ್ಲಿ ಮೂವರು ಮೂವರಾಗಿ ಆಡುವ ಐಸ್ ಹಾಕಿಯ ತಂಡಗಳನ್ನೂ ಹಲವು ರಾಷ್ಟ್ರಗಳ ಮಕ್ಕಳನ್ನು ಬೆರೆಸಿಯೇ ಕಟ್ಟಿದರು. ಇಂತಹ ತಂಡದಲ್ಲಿ ಒಬ್ಬನ ಭಾಷೆ ಮತ್ತೊಬ್ಬನಿಗೆ ತಿಳಿಯದಿರಬಹುದು. ನಿನ್ನೆ ಎದುರಾಳಿಯಾಗಿದ್ದವನು ಇಂದು ಹೆಗಲಿಗೆ ಹೆಗಲು ಕೊಡುವವನಾಗುತ್ತಾನೆ. ಗೆದ್ದ ಪದಕ ಯಾವ ದೇಶದ್ದೆಂದು ಕೇಳಿದರೆ ಉತ್ತರವಿಲ್ಲ. ಅದು ಕೂಡಿ ಆಡಿದವರದು.

ಕಿಶೋರರ ಕೂಟವು ಹಿರಿಯರ ಕೂಟಕ್ಕೆ ದಾರಿ ತೋರಿಸಿದ ನಿದರ್ಶನಗಳೂ ಉಂಟು. ಎತ್ತರದ ಇಳಿಜಾರಿನಿಂದ ಗಾಳಿಗೆ ನೆಗೆಯುವ ಸ್ಕೀ ಜಿಗಿತವು 1924ರಿಂದಲೂ ಪುರುಷರಿಗೆ ಮೀಸಲಾಗಿತ್ತು. 2012ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಬಾಲಕಿಯರು ಜಿಗಿದರು. ಜಪಾನಿನ ಸಾರಾ ತಕನಾಶಿ ಎಂಬ ಹದಿನೈದರ ಹುಡುಗಿ ಚಿನ್ನದ ಪದಕ ಗಳಿಸಿದಳು. ಎರಡು ವರ್ಷಗಳ ಬಳಿಕ, 2014ರಲ್ಲಿ, ಹಿರಿಯರ ಕೂಟದಲ್ಲಿಯೂ ಮಹಿಳೆಯರಿಗೆ ಆ ಸ್ಪರ್ಧೆ ತೆರೆಯಿತು. ಒಬ್ಬರೇ ನಡೆಸುವ ಮೊನೊಬಾಬ್ ಎಂಬ ಜಾರುಬಂಡಿ 2016ರಲ್ಲಿ ಕಿಶೋರರ ಕೂಟದಲ್ಲಿ ಕಾಣಿಸಿಕೊಂಡು, 2022ರಲ್ಲಿ ಮಹಿಳೆಯರ ಒಲಿಂಪಿಕ್ ಸ್ಪರ್ಧೆಯಾಯಿತು. ಆದರೆ ಎಲ್ಲ ಬಾಗಿಲುಗಳೂ ಹೀಗೆ ತೆರೆದಿಲ್ಲ. ಸ್ಕೀ ಜಿಗಿತ ಮತ್ತು ಸ್ಕೀ ಓಟ ಎರಡನ್ನೂ ಕೂಡಿಸಿದ ನಾರ್ಡಿಕ್ ಸಂಯುಕ್ತ ಸ್ಪರ್ಧೆಯಲ್ಲಿ 2020ರಲ್ಲಿ ಬಾಲಕಿಯರಿಗೆ ಅವಕಾಶ ದೊರೆಯಿತು. 2026ರ ಹಿರಿಯರ ಕೂಟದಲ್ಲಿ ಮಾತ್ರ ಮಹಿಳೆಯರಿಗೆ ಆ ಅವಕಾಶವಿರಲಿಲ್ಲ.

ಸ್ಪರ್ಧೆಯ ಜೊತೆಯಲ್ಲಿ ಕಲಿಕೆಯೂ ನಡೆಯಬೇಕೆಂಬುದು ಈ ಕೂಟದ ಮೂಲಭೂತ ನಿಯಮ. ಹೆಸರಾಂತ ಕ್ರೀಡಾಪಟುಗಳು ಬಂದು ಕಿಶೋರರೊಡನೆ ಮಾತನಾಡುವರು. ಗಾಯಗಳನ್ನು ತಡೆಯುವ ಬಗೆ, ಆಹಾರದ ಹದ, ಉದ್ದೀಪಕ ಮದ್ದುಗಳ ಅಪಾಯ, ಆಟದ ಜೊತೆಗೆ ಓದನ್ನೂ ನಡೆಸಿಕೊಂಡು ಹೋಗುವ ರೀತಿ ಇವೆಲ್ಲವೂ ಅಲ್ಲಿ ಪಾಠಗಳಾಗುತ್ತವೆ. ತನ್ನ ಸ್ಪರ್ಧೆ ಮುಗಿದೊಡನೆ ಊರಿಗೆ ಹೊರಡದೆ, ಉಳಿದವರ ಆಟವನ್ನು ನೋಡುತ್ತ, ಅವರೊಡನೆ ಬೆರೆಯುತ್ತ ಕೆಲವು ದಿನ ಇರುವುದೂ ಈ ಶಿಕ್ಷಣದ ಒಂದು ಭಾಗವೇ.

ಇಷ್ಟೆಲ್ಲ ಏಕೆ ಬೇಕೆಂದು ಕೇಳುವವರಿಗೆ 2022ರ ಬೀಜಿಂಗ್ ಕೂಟದ ಒಂದು ಘಟನೆ ಉತ್ತರವಾಗಬಲ್ಲುದು. ಅದು ಹಿರಿಯರ ಕೂಟ. ಅದರಲ್ಲಿ ಸ್ಕೇಟಿಂಗ್ ನೃತ್ಯಕಲೆಯಲ್ಲಿ ಅಸಾಮಾನ್ಯಳೆನಿಸಿದ್ದ ರಷ್ಯದ ಹದಿನೈದು ವರ್ಷದ ಬಾಲಕಿಯೊಬ್ಬಳು ಭಾಗವಹಿಸಿದ್ದಳು. ಕೂಟಕ್ಕೆ ಮೊದಲು ತೆಗೆದಿದ್ದ ಮಾದರಿಯಲ್ಲಿ ನಿಷೇಧಿತ ಔಷಧದ ಅಂಶವಿತ್ತೆಂಬ ಸಂಗತಿ ಕೂಟದ ನಡುವೆಯೇ ಹೊರಬಿತ್ತು. ಜಗತ್ತಿನ ಕಣ್ಣುಗಳೆಲ್ಲ ತನ್ನ ಮೇಲೆ ನೆಟ್ಟಿರಲು, ಕೊನೆಯ ಸ್ಪರ್ಧೆಯಲ್ಲಿ ಆಕೆ ಮತ್ತೆ ಮತ್ತೆ ಬಿದ್ದಳು. ನಾಲ್ಕನೆಯ ಸ್ಥಾನಕ್ಕೆ ಇಳಿದಳು. 2024ರಲ್ಲಿ ಕ್ರೀಡಾ ನ್ಯಾಯಮಂಡಳಿಯು ಆಕೆಯನ್ನು ತಪ್ಪಿತಸ್ಥಳೆಂದು ತೀರ್ಮಾನಿಸಿತು. ಹದಿನೈದರ ಹುಡುಗಿಯ ಸುತ್ತಲೂ ಇದ್ದ ಹಿರಿಯರ ಹೊಣೆ ಏನಾಗಿತ್ತು ಎಂಬ ಪ್ರಶ್ನೆ ಮಾತ್ರ ಎಲ್ಲರ ಮನಸ್ಸಿನಲ್ಲಿಯೂ ಉಳಿಯಿತು. ಅದೇ 2022ರಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಸಂಸ್ಥೆಯು ಹಿರಿಯರ ಸ್ಪರ್ಧೆಗೆ ಬೇಕಾದ ಕನಿಷ್ಠ ವಯಸ್ಸನ್ನು ಹದಿನೈದರಿಂದ ಹದಿನೇಳಕ್ಕೆ ಹಂತಹಂತವಾಗಿ ಏರಿಸಲು ನಿರ್ಧರಿಸಿತು. ಎಳೆಯ ಹೆಗಲಿನ ಮೇಲೆ ಹಿರಿಯರ ಆಸೆಯ ಭಾರವನ್ನು ಹೊರಿಸಿದರೆ ಪ್ರತಿಭೆಯೂ ಮುರಿಯಬಹುದು. ಯುವ ಒಲಿಂಪಿಕ್ ಕೂಟವು ಈ ಅಪಾಯವನ್ನು ಪೂರ್ಣವಾಗಿ ನೀಗಿಸಿದೆಯೆನ್ನಲಾಗದು. ಒಲಿಂಪಿಕ್ ಎಂಬ ಹೆಸರೇ ಎಳೆಯರಲ್ಲಿ ಅಕಾಲದ ಒತ್ತಡವನ್ನು ಉಂಟುಮಾಡುವುದೆಂದು ಶಂಕಿಸುವವರೂ ಇದ್ದಾರೆ. ಆದರೂ ಬೆಳೆಯುವ ವಯಸ್ಸಿಗೆ ಬೆಳೆಯಲು ಎಡೆ ಬೇಕೆಂಬ ತತ್ತ್ವವನ್ನು ಅದು ಒಪ್ಪಿಕೊಂಡಿದೆ.

ಹಿಮವಿಲ್ಲದ ನಾಡಿನವರಿಗೆ ಇಲ್ಲಿ ಸ್ಥಾನವುಂಟೇ? ಗಾಂಗ್ವೊನ್ ಕೂಟವು ಇದಕ್ಕೆ ಉತ್ತರ ನೀಡಿತು. 2018ರ ಪ್ಯಾಂಗ್‌ಚಾಂಗ್ ಒಲಿಂಪಿಕ್ ಕೂಟದ ತರುವಾಯ ಕೊರಿಯದವರು ಹಿಮವಿಲ್ಲದ ದೇಶಗಳ ಮಕ್ಕಳನ್ನು ಕರೆಸಿ, ತಮ್ಮ ಕ್ರೀಡಾಂಗಣಗಳಲ್ಲಿ ತರಬೇತಿ ನೀಡತೊಡಗಿದರು. ಹೀಗೆ ಕಲಿತ ಥಾಯ್ಲೆಂಡಿನ ಒಬ್ಬ ಬಾಲಕಿಯೂ ಟ್ಯುನೀಸಿಯದ ಒಬ್ಬ ಬಾಲಕನೂ 2024ರಲ್ಲಿ ಮೊನೊಬಾಬ್ ಸ್ಪರ್ಧೆಯಲ್ಲಿ ಬೆಳ್ಳಿಯ ಪದಕಗಳನ್ನು ಗೆದ್ದರು. ಎರಡೂ ದೇಶಗಳಿಗೆ ಚಳಿಗಾಲದ ಒಲಿಂಪಿಕ್ ವೇದಿಕೆಯಲ್ಲಿ ದೊರೆತ ಮೊದಲ ಪದಕಗಳವು. ಒಂದು ಉಷ್ಣವಲಯದ ನಾಡು, ಇನ್ನೊಂದು ಸಹಾರ ಮರುಭೂಮಿಯ ಅಂಚಿನ ನಾಡು! ಅವರಿಗೆ ಕೊರತೆಯಾಗಿದ್ದುದು ಅವಕಾಶವೊಂದೇ.

ನಮ್ಮ ದೇಶದಲ್ಲಿ ಹಿಮಾಲಯದ ತಪ್ಪಲಿನಲ್ಲಿ ಹಿಮಕ್ಕೆ ಬರವಿಲ್ಲ. ಆದರೂ ಜಾರುಬಂಡಿಯ ಓಟಕ್ಕೆ ತಕ್ಕ ಮಂಜುಗಡ್ಡೆಯ ಹಾದಿಯಿರಲಿಲ್ಲ. ಹಿಮಾಚಲ ಪ್ರದೇಶದ ಶಿವ ಕೇಶವನ್ ಜಾರುಬಂಡಿಗೆ ಗಾಲಿಗಳನ್ನು ಜೋಡಿಸಿಕೊಂಡು ಬೆಟ್ಟದ ರಸ್ತೆಗಳಲ್ಲಿ ಅಭ್ಯಾಸ ಮಾಡಿದವರು. ಹದಿನಾರನೆಯ ವಯಸ್ಸಿನಲ್ಲಿ, 1998ರಲ್ಲಿ, ಜಪಾನಿನ ನಾಗಾನೊ ಒಲಿಂಪಿಕ್ ಕೂಟದ ಲೂಜ್ ಸ್ಪರ್ಧೆಗೆ ಇಳಿದ ಅವರು ಮುಂದೆ 2018ರವರೆಗೆ ಒಟ್ಟು ಆರು ಕೂಟಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. ಅವರ ಕಿಶೋರ ವಯಸ್ಸಿನಲ್ಲಿ ಯುವ ಒಲಿಂಪಿಕ್ ಕೂಟವೆಂಬುದೇ ಇರಲಿಲ್ಲ. ಮನಾಲಿಯ ಬಳಿಯ ಆಂಚಲ್ ಠಾಕೂರ್ ಅವರಿಗೆ ಆ ಭಾಗ್ಯ ದೊರೆಯಿತು. 2012ರಲ್ಲಿ ಇನ್ಸ್‌ಬ್ರುಕ್‌ನ ಇಳಿಜಾರುಗಳಲ್ಲಿ ಸ್ಪರ್ಧಿಸಿದ ಆಕೆ ಅಲ್ಲಿ ಪದಕವನ್ನು ಗೆಲ್ಲಲಿಲ್ಲ. ಆದರೆ ಆರು ವರ್ಷಗಳ ಬಳಿಕ, 2018ರ ಜನವರಿಯಲ್ಲಿ, ಟರ್ಕಿಯಲ್ಲಿ ನಡೆದ ಸ್ಪರ್ಧೆಯೊಂದರಲ್ಲಿ ಕಂಚಿನ ಪದಕ ಗಳಿಸಿ, ಸ್ಕೀ ಆಟದಲ್ಲಿ ಭಾರತಕ್ಕೆ ಮೊದಲ ಅಂತರರಾಷ್ಟ್ರೀಯ ಪದಕವನ್ನು ತಂದರು. ಕಿಶೋರ ವಯಸ್ಸಿನ ಸೋಲು ಮುಂದಿನ ಗೆಲುವಿಗೆ ಬಿತ್ತನೆಯಾಗಬಲ್ಲುದು ಎಂಬುದಕ್ಕೆ ಇದು ಸಾಕ್ಷಿ.

ಐದನೆಯ ಚಳಿಗಾಲದ ಯುವ ಒಲಿಂಪಿಕ್ ಕೂಟವನ್ನು 2028ರಲ್ಲಿ ನಡೆಸುವ ಹೊಣೆಯನ್ನು ಇಟಲಿಗೆ ವಹಿಸಲಾಗಿದೆ. ಅಲ್ಲಿ ಸೇರುವವರೆಲ್ಲರೂ ಮುಂದೆ ಲೋಕಪ್ರಸಿದ್ಧರಾಗುವುದಿಲ್ಲ. ಬಹುಮಂದಿ ವೈದ್ಯರೋ ಶಿಕ್ಷಕರೋ ರೈತರೋ ಆಗಿ ಬಾಳುವರು. ಆದರೆ ಭಾಷೆ ತಿಳಿಯದ ಜೊತೆಗಾರನೊಡನೆ ಒಂದೇ ಕಲ್ಲನ್ನು ಒಂದೇ ಗುರಿಯತ್ತ ಜಾರಿಬಿಟ್ಟ ನೆನಪು ಅವರೊಡನೆ ಉಳಿಯುತ್ತದೆ. ಪದಕವು ಒಂದು ದಿನದ ಗೆಲುವನ್ನು ಸಾರುತ್ತದೆ. ಕೂಡಿ ಆಡಿದ ಸಂಸ್ಕಾರವು ಬಾಳಿನುದ್ದಕ್ಕೂ ಬರುತ್ತದೆ.