ತಿದಿ ಒತ್ತುವ ಕೈಗಳು

ಉಸಿರು ಸಾಲದ ರೋಗಿಗೆ ಆಮ್ಲಜನಕ ಕೊಡುವುದು, ಕಫ ತೆಗೆಯುವುದು, ವೆಂಟಿಲೇಟರ್ ನೋಡಿಕೊಳ್ಳುವುದು, ಕೊನೆಗೆ ಅದರಿಂದ ಬಿಡಿಸಿ ಸ್ವಂತ ಉಸಿರಿಗೆ ತರುವುದು ರೆಸ್ಪಿರೇಟರಿ ಥೆರಪಿಸ್ಟರ ಕೆಲಸ. ಗದಗ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಯ ಹಮ್ಮಿಗಿ ಕಡೆ ‘ದಮ್ಮು’ ಎಂಬ ಒಂದೇ ಮಾತಿನಲ್ಲಿ ಮುಗಿಯುವ ಕಷ್ಟವನ್ನು ಈ ವಿದ್ಯೆ ಅಸ್ತಮಾ, ಸಿಒಪಿಡಿ, ನ್ಯುಮೋನಿಯಾ ಎಂದು ಬಿಡಿಸಿ ನೋಡುತ್ತದೆ.

ವಿದ್ಯಾರ್ಥಿಯ ಕೈ ಪಳಗುವುದು ಅಂಬು ಬ್ಯಾಗಿನ ಮೇಲೆ. ಕಮ್ಮಾರನ ತಿದಿಯಂತೆ ಒತ್ತಿದರೆ ಗಾಳಿ ಊದಿ, ಬಿಟ್ಟರೆ ತಾನೇ ಉಬ್ಬಿಕೊಳ್ಳುವ ಚೀಲವಿದು. ಒಂದು ಕೈಯ ಹೆಬ್ಬೆರಳು, ತೋರುಬೆರಳು ಮಾಸ್ಕನ್ನು ಮುಖಕ್ಕೆ ಅದುಮಿದರೆ ಉಳಿದ ಮೂರು ಬೆರಳು ದವಡೆಯನ್ನು ಎತ್ತಿ ಹಿಡಿಯುತ್ತವೆ. ಇನ್ನೊಂದು ಕೈ ದೊಡ್ಡವರಿಗೆ ಆರು ಸೆಕೆಂಡಿಗೊಮ್ಮೆ ಚೀಲ ಒತ್ತುತ್ತದೆ. ಕಣ್ಣು ರೋಗಿಯ ಎದೆಯ ಮೇಲೆ. ಎದೆ ಏರಿದ್ದು ಕಂಡರೆ ಕೈ ಸಡಿಲಬೇಕು. ಜೋರಾದರೆ ಗಾಳಿ ಹೊಟ್ಟೆ ಸೇರಿ ವಾಂತಿಯಾದೀತು. ಅವಸರವಾದರೆ ಒಳಹೋದ ಗಾಳಿಗೆ ಹೊರಬರಲು ಪುರುಸೊತ್ತಿರದು.

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿ ಯಂತ್ರಗಳು ಸಾಲದಾದಾಗ ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು, ಹಗಲಿರುಳು ಚೀಲ ಒತ್ತಿ ರೋಗಿಗಳನ್ನು ಉಳಿಸಿಕೊಂಡರು. ತಾನೇ ಉಬ್ಬುವ ಅಂಬು ಚೀಲ ಅದೇ ಡೆನ್ಮಾರ್ಕಿನಿಂದ 1956ರಲ್ಲಿ ಬಂತು.

ಕರ್ನಾಟಕದಲ್ಲಿ ಮಣಿಪಾಲದಲ್ಲೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲೂ ರೆಸ್ಪಿರೇಟರಿ ಥೆರಪಿಯ ಪದವಿ ಶಿಕ್ಷಣವಿದೆ. ವಿಜ್ಞಾನದ ಪಿಯುಸಿ ಆದವರಿಗೆ ಪ್ರವೇಶ. ಪಾಠದ ಬೆನ್ನಿಗೆ ಇಂಟರ್ನ್‌ಶಿಪ್. ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಅನಿಲಗಳನ್ನು ಅಳೆಯುವುದನ್ನೂ ಕಲಿಯಬೇಕು: ಪಿಎಚ್ 7.35ರಿಂದ 7.45ರೊಳಗಿದ್ದರೆ ಸರಿ. ಅದು ಕೆಳಗಿಳಿದು ಇಂಗಾಲದ ಡೈಆಕ್ಸೈಡ್ ಏರಿದ್ದರೆ ಉಸಿರು ಸೋಲುತ್ತಿದೆ ಎಂದರ್ಥ.

ಕೋವಿಡ್ ಕಾಲದಲ್ಲಿ ವೆಂಟಿಲೇಟರುಗಳು ಬಂದರೂ ನಡೆಸಬಲ್ಲವರು ಹಲವೆಡೆ ಸಾಲಲಿಲ್ಲ. ಇಂಥ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗ ರಚಿಸುವ ಕಾಯ್ದೆ ಬಂದದ್ದು 2021ರಲ್ಲಿ. ಗದಗಕ್ಕೆ ವೈದ್ಯಕೀಯ ಕಾಲೇಜು ಬಂದು ವರ್ಷಗಳಾದವು. ಆದರೂ ಹಮ್ಮಿಗಿಯಲ್ಲಿ ದಮ್ಮು ಹತ್ತಿದವರು ಮುಂಡರಗಿ ದಾಟಿ ಗದಗ ಮುಟ್ಟುವ ತನಕ ದಾರಿ ಉದ್ದವೇ. ಉಸಿರು ನಿಂತೀತು ಎನ್ನುವ ಹೊತ್ತಿನಲ್ಲಿ ಆ ದಾರಿಗೆ ಬೇಕಾದದ್ದು ಒಂದು ಚೀಲ, ಅದನ್ನು ಎಷ್ಟು ಒತ್ತಬೇಕೆಂದು ಬಲ್ಲ ಒಂದು ಕೈ.