ಒಂದೇ ತಟ್ಟೆಯ ಊಟ

ಎಂಜಲು ಎಂದರೇನು ಎಂಬುದನ್ನು ನಮ್ಮ ಮನೆಯ ಮಕ್ಕಳಿಗೆ ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಒಬ್ಬರು ಕಚ್ಚಿದ್ದನ್ನು ಇನ್ನೊಬ್ಬರು ತಿನ್ನಬಾರದು, ಉಣ್ಣುವ ಕೈಯಿಂದ ಬಡಿಸಬಾರದು, ಲೋಟವನ್ನು ತುಟಿಗೆ ಸೋಕಿಸದೆ ಎತ್ತಿ ಕುಡಿಯಬೇಕು ಎಂಬುದನ್ನೆಲ್ಲ ಅವು ನೋಡಿ ನೋಡಿಯೇ ಕಲಿತುಬಿಡುತ್ತವೆ. ನಾನೂ ಹಾಗೆಯೇ ಕಲಿತವನು. ಐವತ್ತು ದಾಟಿದ ಮೇಲೆ, ಸಾವಿರಾರು ಮೈಲಿ ದೂರದ ಒಂದು ಸಣ್ಣ ಹೋಟೆಲಿನಲ್ಲಿ, ಆ ಪಾಠವನ್ನು ಮರೆಯಬೇಕಾದ ಪ್ರಸಂಗ ಒದಗಿ ಬಂತು. ಆ ಸಂಜೆಯ ವಿಷಯವನ್ನು ಈ ವಾರ ಓದುಗರ ಮುಂದಿಡುತ್ತಿದ್ದೇನೆ.

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿಗೆ ಅಂಟಿಕೊಂಡಂತೆ, ಮೇರಿಲ್ಯಾಂಡ್ ರಾಜ್ಯದಲ್ಲಿ, ಸಿಲ್ವರ್ ಸ್ಪ್ರಿಂಗ್ ಎಂಬ ಪಟ್ಟಣವಿದೆ. ಕೆಲವು ವರ್ಷಗಳ ಹಿಂದೆ, ರಜೆಯ ಮೇಲೆ ತೆರಳಿದ್ದ ಅಲ್ಲಿನ ವಿಚಾರಣಾ ಗುರುಗಳ ಬದಲಿಗೆ ಎರಡು ತಿಂಗಳು ಬಲಿಪೂಜೆ ಅರ್ಪಿಸಲು ನಾನು ಹೋಗಿದ್ದೆ. ದೊಡ್ಡ ಗುರುನಿವಾಸದಲ್ಲಿ ನಾನೊಬ್ಬನೇ. ದೇವಾಲಯದ ಬಾಗಿಲು ತೆರೆದು ಮುಚ್ಚುವ ಹೊಣೆ ಹೊತ್ತಿದ್ದವರು ಇಥಿಯೋಪಿಯ ದೇಶದ ಒಬ್ಬ ಹಿರಿಯರು. ಇಪ್ಪತ್ತು ವರ್ಷ ಟ್ಯಾಕ್ಸಿ ಓಡಿಸಿ ಸಾಕಾಗಿ ಈ ಸೇವೆಗೆ ಬಂದಿದ್ದರು. ನನ್ನನ್ನು ಅವರು 'ಅಬ್ಬಾ' ಎನ್ನುತ್ತಿದ್ದರು. ಗುರುಗಳನ್ನು ಆ ನಾಡಿನವರು ಕರೆಯುವ ರೀತಿ ಅದು. ಯೇಸುಸ್ವಾಮಿ ತಮ್ಮ ತಂದೆಯನ್ನು ಕರೆದದ್ದೂ ಅದೇ ಪದದಿಂದ. ಒಂದು ಶುಕ್ರವಾರ ಸಂಜೆ ನಾನು ಅಡುಗೆಮನೆಯಲ್ಲಿ ನಿಂತುಕೊಂಡೇ ಬ್ರೆಡ್ಡು ತಿನ್ನುತ್ತಿದ್ದುದನ್ನು ಕಂಡು, "ಅಬ್ಬಾ, ಒಬ್ಬರೇ ತಿಂದರೆ ಅದು ಊಟವಲ್ಲ, ಬನ್ನಿ" ಎಂದು ಹೊರಡಿಸಿದರು.

ಹೋಟೆಲು ಎರಡು ಬೀದಿಗಳಾಚೆ, ಬಟ್ಟೆ ಒಗೆಯುವ ಅಂಗಡಿಯ ಪಕ್ಕದಲ್ಲಿತ್ತು. ಏಳೆಂಟು ಮೇಜುಗಳು, ಗೋಡೆಯ ಮೇಲೆ ಸಂತ ಜಾರ್ಜರ ಚಿತ್ರ, ಮೂಲೆಯಲ್ಲಿ ಅಂಹಾರಿಕ್ ಭಾಷೆಯ ವಾರ್ತೆ ಬಿತ್ತರಿಸುತ್ತಿದ್ದ ಟಿ.ವಿ. ಪಾಳಿ ಮುಗಿಸಿ ಬಂದ ಟ್ಯಾಕ್ಸಿ ಚಾಲಕರು, ಮಕ್ಕಳೊಂದಿಗೆ ಬಂದ ದಂಪತಿಗಳು, ಒಬ್ಬಿಬ್ಬರು ವಿದ್ಯಾರ್ಥಿಗಳು. ಸಡಗರವಾಗಲಿ ಆಡಂಬರವಾಗಲಿ ಇಲ್ಲದ, ನಮ್ಮೂರಿನ ಊಟದ ಹೋಟೆಲಿನಂಥದೇ ಜಾಗ.

ವಾಷಿಂಗ್ಟನ್ ಸುತ್ತಮುತ್ತ ಇಂಥ ಹೋಟೆಲುಗಳು ಬಹಳ. ಅದರ ಹಿಂದೆ ದುಃಖದ ಕಥೆಯೊಂದಿದೆ. 1974ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯವರನ್ನು ಪದಚ್ಯುತಗೊಳಿಸಿ 'ದೆರ್ಗ್' ಎಂಬ ಸೈನಿಕ ಮಂಡಳಿ ಅಧಿಕಾರ ಹಿಡಿಯಿತು. ಸಾವಿರಾರು ಯುವಕರು ಕೊಲೆಯಾದರು. ಅಸಂಖ್ಯಾತರು ಗಡಿ ದಾಟಿ ಸುಡಾನಿಗೆ ಓಡಿದರು. 1980ರಲ್ಲಿ ಅಮೆರಿಕ ನಿರಾಶ್ರಿತರಿಗಾಗಿ ಹೊಸ ಶಾಸನ ಮಾಡಿದ ಮೇಲೆ ಅವರಲ್ಲಿ ಅನೇಕರು ಈ ಭಾಗಕ್ಕೆ ಬಂದು ನೆಲೆಸಿದರು. ನನ್ನನ್ನು ಕರೆದೊಯ್ದ ಹಿರಿಯರೂ ಹಾಗೆ ಬಂದವರೇ. ನಮಗಾದರೋ ಇಥಿಯೋಪಿಯ ಎಂದೊಡನೆ ನೆನಪಾಗುವುದು 1984ರ ಕ್ಷಾಮ. ಆಗ ಪತ್ರಿಕೆಗಳಲ್ಲಿ ಬಂದ ಎಲುಬಿನ ಹಂದರದಂಥ ಮಕ್ಕಳ ಚಿತ್ರಗಳನ್ನು ಬಾಲಕನಾಗಿ ನಾನು ನೋಡಿದ್ದೆ. ಆ ನಾಡಿಗೆ ಅನ್ನದ ಒಂದು ಹಿರಿಯ ಪರಂಪರೆ ಇದೆಯೆಂದು ಎಂದೂ ಹೊಳೆದಿರಲಿಲ್ಲ.

ಕೈಗೆ ನೀರು ಹಾಕಿದರು. ಆಮೇಲೆ ಒಂದು ದೊಡ್ಡ ದುಂಡನೆಯ ತಟ್ಟೆ ಬಂತು. ಇಬ್ಬರಿಗೂ ಒಂದೇ. ತಟ್ಟೆಯ ಅಗಲಕ್ಕೂ ಹಾಸಿದ್ದದ್ದು ಇಂಜೆರಾ. ಗಸಗಸೆಯಷ್ಟು ಸಣ್ಣ ಕಾಳಾದ ತೆಫ್ ಧಾನ್ಯದ ಹಿಟ್ಟನ್ನು ಕಲಸಿ, ಎರಡು ಮೂರು ದಿನ ಹುಳಿ ಬರಿಸಿ, 'ಮಿತಾದ್' ಎಂಬ ಅಗಲವಾದ ಮಣ್ಣಿನ ಹೆಂಚಿನ ಮೇಲೆ ಹುಯ್ದು, ಮುಚ್ಚಳ ಮುಚ್ಚಿ ಒಂದೇ ಮಗ್ಗುಲು ಬೇಯಿಸುತ್ತಾರೆ. ಮೇಲ್ಮೈ ತುಂಬ ನಮ್ಮ ಸೆಟ್ ದೋಸೆಯಂತೆ ತೂತುಗಳು. ಅವರು ಅವನ್ನು 'ಕಣ್ಣು' ಎನ್ನುತ್ತಾರೆ. ಅದರ ಮೇಲೆ ಅಲ್ಲಲ್ಲಿ ಬಡಿಸಿದ ಪಲ್ಯ, ಸಾರುಗಳು: ಬೆರ್ಬೆರೆ ಎಂಬ ಖಾರದ ಪುಡಿ ಹಾಕಿ ಕುದಿಸಿದ ಮಸೂರಬೇಳೆ, ಅರಿಸಿನ ಹಾಕಿದ ಬಟಾಣಿ ಬೇಳೆ, ಕಡಲೆಹಿಟ್ಟಿನ ಗಟ್ಟಿ ಸಾರಾದ ಶಿರೊ, ಕೋಸಿನ ಜಾತಿಯ ಸೊಪ್ಪಿನ ಪಲ್ಯ. ಚಮಚವಿಲ್ಲ. ಬಲಗೈಯಲ್ಲಿ ಇಂಜೆರಾದ ತುಂಡು ಹರಿದು, ಅದರಲ್ಲಿಯೇ ಪಲ್ಯವನ್ನು ಹಿಡಿದು ಬಾಯಿಗಿಡಬೇಕು.

ಮಾಂಸವೇಕಿಲ್ಲವೆಂದು ಕೇಳಬೇಕಾಗಿರಲಿಲ್ಲ; ಅಂದು ಶುಕ್ರವಾರ. ಇಥಿಯೋಪಿಯದ ಕ್ರೈಸ್ತರಲ್ಲಿ ಹೆಚ್ಚಿನವರು ಆರ್ಥಡಾಕ್ಸ್ ಸಭೆಗೆ ಸೇರಿದವರು. ಈ ಹಿರಿಯರಂಥ ಕಥೋಲಿಕರು ಅಲ್ಲಿ ಅಲ್ಪಸಂಖ್ಯಾತರು. ಆರ್ಥಡಾಕ್ಸ್ ಶ್ರದ್ಧಾವಂತರು ಪ್ರತಿ ಬುಧವಾರ, ಶುಕ್ರವಾರ ಮಾಂಸ, ಹಾಲು, ಬೆಣ್ಣೆ, ಮೊಟ್ಟೆಗಳನ್ನು ಮುಟ್ಟುವುದಿಲ್ಲ. ಅವರ ತಪಸ್ಸುಕಾಲ 55 ದಿನಗಳದ್ದು. ಎಲ್ಲ ಉಪವಾಸಗಳನ್ನೂ ಕೂಡಿಸಿದರೆ ಗೃಹಸ್ಥರಿಗೆ ವರ್ಷಕ್ಕೆ ಸುಮಾರು 180 ದಿನಗಳಾಗುತ್ತವೆ. ಗುರುಗಳಿಗೂ ಸನ್ಯಾಸಿಗಳಿಗೂ ಇನ್ನೂ ಹೆಚ್ಚು. ಹೀಗಾಗಿ ಉಪವಾಸದ ಅಡುಗೆಯೇ ಅಲ್ಲಿ ಒಂದು ದೊಡ್ಡ ಪಾಕಶಾಸ್ತ್ರವಾಗಿ ಬೆಳೆದಿದೆ. ಶುಕ್ರವಾರ ಮಾಂಸ ಬಿಟ್ಟು, ಅದರ ದುಪ್ಪಟ್ಟು ಬೆಲೆಯ ಮೀನು ತಂದು ಹುರಿಯುವ ನಮ್ಮ ಸಂಯಮ ನೆನಪಾಗಿ ನನಗೆ ಒಳಗೊಳಗೇ ನಗು ಬಂತು.

ಆ ಊಟ ನನಗೆ ಪೂರ್ತಿ ಅಪರಿಚಿತವೆನಿಸಲೂ ಇಲ್ಲ. ಕಾರಣ ಆಮೇಲೆ ತಿಳಿಯಿತು. ನಮ್ಮ ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕದ ಎತ್ತರದ ನಾಡುಗಳಲ್ಲಿ. ಸಹಸ್ರಾರು ವರ್ಷಗಳ ಹಿಂದೆ ಅದು ಕಡಲು ದಾಟಿ ನಮ್ಮಲ್ಲಿಗೆ ಬಂದದ್ದು. ನಮ್ಮ ಕಡೆ ಹುಚ್ಚೆಳ್ಳು, ಉತ್ತರ ಕರ್ನಾಟಕದಲ್ಲಿ ಗುರೆಳ್ಳು ಎನ್ನುವ ಎಣ್ಣೆಕಾಳಿನ ಶಾಸ್ತ್ರೀಯ ಹೆಸರಿನಲ್ಲಿಯೇ ಇಥಿಯೋಪಿಯದ ಹಳೆಯ ಹೆಸರಾದ 'ಅಬಿಸೀನಿಯ' ಸೇರಿಕೊಂಡಿದೆ. ಮುದ್ದೆಯನ್ನೂ ಹುಚ್ಚೆಳ್ಳು ಚಟ್ನಿಯನ್ನೂ ಉಂಡು ಬೆಳೆದ ನಾನು, ತಿಳಿಯದೆಯೇ ಆ ನಾಡಿನ ಋಣಿಯಾಗಿದ್ದೆ.

ಊಟ ಆರಂಭಿಸುವ ಮೊದಲು ಹಿರಿಯರು ಇಂಜೆರಾದ ತುಂಡೊಂದನ್ನು ಹರಿದು, ಬೇಳೆಯನ್ನು ಸುತ್ತಿ, ದೊಡ್ಡ ತುತ್ತು ಮಾಡಿ ನೇರವಾಗಿ ನನ್ನ ಬಾಯಿಯ ಬಳಿಗೆ ಹಿಡಿದರು. ಇದಕ್ಕೆ 'ಗುರ್ಷಾ' ಎನ್ನುತ್ತಾರೆ. ನಮ್ಮಲ್ಲಿಯೂ ಕೈತುತ್ತು ಇದೆ. ಆದರೆ ಅದು ತಾಯಿ ಮಕ್ಕಳಿಗೆ ಕೊಡುವಂಥದು. ಅವರಲ್ಲಿ ಅತಿಥಿಗೂ ಕೊಡುತ್ತಾರೆ, ಗೌರವದ ಗುರುತಾಗಿ. ನಾನು ಹಿಂದೆ ಸರಿದೆ. ಒಂದು ಕ್ಷಣ ಮಾತ್ರ, ಆದರೆ ಸರಿದದ್ದು ನಿಜ. ಅವರು ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಮುಖದಲ್ಲಿ ಬೇಸರವೂ ಕಾಣಲಿಲ್ಲ. ಹಾಗೆಯೇ ಹಿಡಿದು ಕಾದರು. ನಾನು ಬಾಯಿ ತೆರೆದೆ.

ದಿನಂಪ್ರತಿ ಪೀಠದ ಮುಂದೆ ನಿಂತು ನೂರಾರು ಜನರ ನಾಲಗೆಯ ಮೇಲೆ ಪರಮಪ್ರಸಾದವನ್ನಿಡುವ ನಾನು, ಇನ್ನೊಬ್ಬರ ಕೈಯಿಂದ ತುತ್ತು ಪಡೆಯಲು ಏಕೆ ಹಿಂಜರಿದೆ? ಈ ಪ್ರಶ್ನೆ ಊಟದುದ್ದಕ್ಕೂ ಕಾಡಿತು. ಉತ್ತರ ದೊರೆತದ್ದು ಕಾಫಿಯ ಹೊತ್ತಿಗೆ.

ಹೋಟೆಲಿನ ಒಡತಿ ಚಿಕ್ಕ ಪೀಠದ ಮೇಲೆ ಕುಳಿತು ಹಸಿ ಕಾಫಿ ಬೀಜಗಳನ್ನು ಬಾಣಲೆಯಲ್ಲಿ ಹುರಿದು, ಹೊಗೆಯಾಡುತ್ತಿದ್ದ ಬಾಣಲೆಯನ್ನು ಪ್ರತಿ ಮೇಜಿಗೂ ತಂದು ಪರಿಮಳ ಕೊಟ್ಟರು. ಪಕ್ಕದಲ್ಲಿ ಧೂಪ ಉರಿಯುತ್ತಿತ್ತು. ಬೀಜಗಳನ್ನು ಪುಡಿ ಮಾಡಿ, 'ಜೆಬೆನಾ' ಎಂಬ ಉದ್ದ ಕುತ್ತಿಗೆಯ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಸಣ್ಣ ಬಟ್ಟಲುಗಳಿಗೆ ಸುರಿದರು. ಹೀಗೆ ಮೂರು ಸುತ್ತು. ಮೂರನೆಯದರ ಹೆಸರು 'ಬರಕಾ', ಅಂದರೆ ಆಶೀರ್ವಾದ. ಅರೇಬಿಕಾ ಕಾಫಿ ಮೂಲತಃ ನೈಋತ್ಯ ಇಥಿಯೋಪಿಯದ ಕಾಡುಗಳದ್ದು. ಅಲ್ಲಿಂದ ಯೆಮನ್ ದೇಶಕ್ಕೆ ಹೋಗಿ, ಐತಿಹ್ಯದ ಪ್ರಕಾರ ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರ ಕೈಯಲ್ಲಿ ಏಳು ಬೀಜಗಳಾಗಿ ನಮ್ಮ ಚಿಕ್ಕಮಗಳೂರಿನ ಗಿರಿಗೆ ಬಂತು.

ಆ ಪರಿಮಳ ನನ್ನನ್ನು ನಮ್ಮ ಮನೆಯ ಹಿತ್ತಿಲಿಗೆ ಎಳೆದೊಯ್ದಿತು. ಮಲೆನಾಡಿನ ಅಂಚಿನಲ್ಲಿ ನಮಗೆ ಎರಡೆಕರೆ ಕಾಫಿ ತೋಟವಿತ್ತು. ಅದರಲ್ಲಿ ದುಡಿಯುತ್ತಿದ್ದ ಹಿರಿಯರೊಬ್ಬರಿದ್ದರು. ವಯಸ್ಸಿನಲ್ಲಿ ಅಪ್ಪನಿಗಿಂತ ದೊಡ್ಡವರು. ಆದರೂ ನಾವು ಮಕ್ಕಳು ಅವರನ್ನು ಏಕವಚನದಲ್ಲಿಯೇ ಕರೆಯುತ್ತಿದ್ದೆವು. ಕಾಫಿ ಹಣ್ಣು ಕೊಯ್ದವರು ಅವರು, ಕಣದಲ್ಲಿ ಹರವಿ ಒಣಗಿಸಿದವರು ಅವರು. ಹಿತ್ತಿಲಿನ ಸೂರಿನ ಸಂದಿಯಲ್ಲಿ ಅವರಿಗೆಂದೇ ಒಂದು ತೆಂಗಿನ ಚಿಪ್ಪು ಸಿಕ್ಕಿಸಿರುತ್ತಿತ್ತು. ಅವ್ವ ತಂಬಿಗೆಯನ್ನು ಎತ್ತಿ ಹಿಡಿದು ಮೇಲಿನಿಂದ ಆ ಚಿಪ್ಪಿಗೆ ಕಾಫಿ ಹುಯ್ಯುತ್ತಿದ್ದಳು. ಅವರು ಅಂಗಳದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಕುಡಿದು, ಚಿಪ್ಪನ್ನು ತೊಳೆದು, ಮತ್ತೆ ಸೂರಿಗೆ ಸಿಕ್ಕಿಸಿ ಹೋಗುತ್ತಿದ್ದರು.

ಅವರೂ ಕ್ರೈಸ್ತರೇ. ನಮಗೆ ದೀಕ್ಷಾಸ್ನಾನ ಕೊಟ್ಟ ಗುರುಗಳೇ ಅವರ ಮಕ್ಕಳಿಗೂ ಕೊಟ್ಟಿದ್ದರು. ಭಾನುವಾರ ಅದೇ ಪೀಠದಿಂದ ಅದೇ ಪರಮಪ್ರಸಾದ, ಸೋಮವಾರ ಚಿಪ್ಪು. ಅವ್ವ ಕಠಿಣ ಹೃದಯದವಳಲ್ಲ. ಅವರ ಮನೆಯಲ್ಲಿ ಕಾಯಿಲೆಯಾದಾಗ ಗಂಜಿ ಕಾಯಿಸಿ ಕಳುಹಿಸಿದವಳು. ಅವಳಿಗೆ ಅದು ತಪ್ಪೆಂದು ತೋರಲಿಲ್ಲ, ಗುರುಮಠಕ್ಕೆ ಸೇರಿ ತತ್ತ್ವಶಾಸ್ತ್ರ ಓದಿದ ನನಗೂ ಬಹುಕಾಲ ತೋರಲಿಲ್ಲ. ಅರಿಸ್ಟಾಟಲನು ಗೆಳೆತನದ ವಿಷಯ ಬರೆಯುತ್ತ, ಜೊತೆಗೂಡಿ ಉಪ್ಪು ತಿನ್ನದೆ ಒಬ್ಬರನ್ನೊಬ್ಬರು ಅರಿಯಲಾಗದೆಂಬ ಗಾದೆಯನ್ನು ನೆನೆಯುತ್ತಾನೆ. ಪರೀಕ್ಷೆಗೆಂದು ಅದನ್ನು ಬಾಯಿಪಾಠ ಮಾಡಿದ್ದೆ. ನಮ್ಮಲ್ಲಿಯೂ ಉಪ್ಪಿನ ಋಣದ ಮಾತಿದೆ. ಆದರೆ ಅದು ಆಳು ಒಡೆಯನಿಗೆ ಸಲ್ಲಿಸಬೇಕಾದ ನಿಷ್ಠೆಯ ಮಾತು, ಸಮಾನರ ಮಾತಲ್ಲ ಎಂಬುದು ಆಗ ಹೊಳೆಯಲಿಲ್ಲ.

ಹಿರಿಯರಿಗೆ ಇದನ್ನೆಲ್ಲ ಹೇಳಿದೆ. ಹೇಳಿ, "ನಿಮ್ಮ ನಾಡು ಧನ್ಯ, ಎಲ್ಲರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತೀರಿ" ಎಂದೆ. ಅವರು ಬಹಳ ಹೊತ್ತು ಬಟ್ಟಲನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದರು: "ಎಲ್ಲರೂ ಅಲ್ಲ, ಅಬ್ಬಾ. ಕುಂಬಾರರ ಜೊತೆ ನಾವು ಉಣ್ಣುತ್ತಿರಲಿಲ್ಲ. ಅವರ ದೃಷ್ಟಿ ಕೆಟ್ಟದ್ದು ಎನ್ನುತ್ತಿದ್ದರು. ನಮ್ಮ ಅಜ್ಜಿ ಇಂಜೆರಾ ಸುಡುತ್ತಿದ್ದ ಮಿತಾದ್ ಅವರೇ ಮಾಡಿದ್ದು."

ಇದು ಅವರೊಬ್ಬರ ಊರಿನ ಮಾತಲ್ಲ. ಇಥಿಯೋಪಿಯದ ಅನೇಕ ಭಾಗಗಳಲ್ಲಿ ಕುಂಬಾರರನ್ನೂ ಕಮ್ಮಾರರನ್ನೂ ಚರ್ಮ ಹದ ಮಾಡುವವರನ್ನೂ ದೂರವಿಟ್ಟು, ಅವರೊಂದಿಗೆ ಸಹಭೋಜನ ನಿಷೇಧಿಸಿದ್ದುಂಟು. "ನಿಮಗೆ ಅದು ಎಂದು ಬಿಟ್ಟುಹೋಯಿತು?" ಎಂದು ಕೇಳಿದೆ. "ಸುಡಾನಿನ ಶಿಬಿರದಲ್ಲಿ," ಎಂದರು. "ಎಂಟು ಜನರಿಗೆ ಒಂದು ತಟ್ಟೆ. ಪಕ್ಕದಲ್ಲಿದ್ದವನು ಯಾರ ಮಗನೆಂದು ನಾನು ಕೇಳಲಿಲ್ಲ, ಹಸಿವಿತ್ತು. ಕೇಳಿದ್ದರೆ ಏನಾಗುತ್ತಿತ್ತೋ, ದೇವರೇ ಬಲ್ಲ."

ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದಲ್ಲಿ ಒಂದು ಪ್ರಸಂಗವಿದೆ. ಅಂತಿಯೋಕ್ಯದಲ್ಲಿ ಸಂತ ಪೇತ್ರರು ಅನ್ಯಜನಾಂಗದ ವಿಶ್ವಾಸಿಗಳೊಡನೆ ಉಣ್ಣುತ್ತಿದ್ದರು. ಯೆರೂಸಲೇಮಿನಿಂದ ಕೆಲವರು ಬಂದೊಡನೆ ಹೆದರಿ ಊಟದಿಂದ ಹಿಂದೆ ಸರಿದರು. ಪೌಲರು ಅವರನ್ನು ಎಲ್ಲರೆದುರೇ ಖಂಡಿಸಿದರು. ಈ ವಾಕ್ಯಭಾಗದ ಮೇಲೆ ನಾನು ಹಲವು ಬಾರಿ ಪ್ರಬೋಧನೆ ಮಾಡಿದ್ದೇನೆ. ಹಿಂದೆ ಸರಿದವನು ನಾನೇ ಎಂದು ಅದನ್ನು ಓದಿದ್ದು ಆ ರಾತ್ರಿಯೇ ಮೊದಲು.

ಊರಿಗೆ ಮರಳಿದ ಮೇಲೆ ಒಂದು ದಿನ ಬಿಡುವು ಮಾಡಿಕೊಂಡು ಆ ಮನೆಗೆ ಹೋದೆ. ಹಿರಿಯರು ತೀರಿಕೊಂಡು ವರ್ಷಗಳಾಗಿದ್ದವು. ಅವರ ಮಡದಿ, ಎಂಬತ್ತು ದಾಟಿದ ಅಜ್ಜಿ, ಜಗುಲಿಯ ಮೇಲಿದ್ದರು. ಕಾಫಿ ಕೊಡಿ ಎಂದು ಕೇಳಿದೆ. "ನಮ್ಮನೇಲಿ ಕುಡೀತೀರಾ ಸ್ವಾಮಿ?" ಎಂದರು. ಸ್ಟೀಲ್ ಲೋಟವನ್ನು ಒಮ್ಮೆ ತೊಳೆದರು, ಮತ್ತೊಮ್ಮೆ ತೊಳೆದರು, ಒಲೆಯ ಬಳಿ ಹೋದವರು ಮರಳಿ ಬಂದು ಮೂರನೆಯ ಸಲವೂ ತೊಳೆದರು. ಕಾಫಿ ಕೊಟ್ಟು ಬಾಗಿಲ ಬಳಿ ನಿಂತೇ ಇದ್ದರು. ನೀವೂ ತಂದುಕೊಂಡು ಕುಳಿತುಕೊಳ್ಳಿ ಎಂದು ಎರಡು ಸಲ ಹೇಳಬೇಕಾಯಿತು. ಚಿಪ್ಪಿನ ವಿಷಯ ಎತ್ತಿ ಕ್ಷಮೆ ಕೇಳಿದಾಗ, "ನಿಮ್ಮವ್ವ ಒಳ್ಳೆಯವರು ಸ್ವಾಮಿ" ಎಂದಷ್ಟೇ ಹೇಳಿ ಮಾತು ಬದಲಿಸಿದರು. ಅವರು ಕ್ಷಮಿಸಿದರೋ, ಅಥವಾ ನನ್ನನ್ನು ನೋಯಿಸಬಾರದೆಂದು ಸುಮ್ಮನಾದರೋ, ನನಗೆ ಇಂದಿಗೂ ತಿಳಿಯದು.

ಪ್ರಿಯ ಓದುಗರೇ, ಚಿಪ್ಪಿನ ಕಾಲ ಮುಗಿಯಿತೆಂದು ನಾವು ಹೇಳಿಕೊಳ್ಳುತ್ತೇವೆ. ಇಂದು ಊಟಕ್ಕೆ ಕೂರುವ ಮೊದಲು ಒಮ್ಮೆ ನಿಮ್ಮ ಅಡುಗೆಮನೆಯಲ್ಲಿ ಕಣ್ಣಾಡಿಸಿರಿ. ಮನೆಗೆಲಸಕ್ಕೆ ಬರುವಾಕೆಗೆ ಚಹಾ ಕೊಡುವ ಲೋಟ ಎಲ್ಲಿದೆ? ನಿಮ್ಮ ಲೋಟಗಳ ಸಾಲಿನಲ್ಲಿಯೇ ಇದೆಯೋ, ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿದೆಯೋ? ಬೇರೆಯಾಗಿದ್ದರೆ ಅದನ್ನು ಇಂದೇ ತಂದು ಸಾಲಿನಲ್ಲಿಡಿರಿ. ನಾಳೆ ಆಕೆ ಬಂದಾಗ ಇಬ್ಬರೂ ಕುಳಿತು ಕುಡಿಯಿರಿ.